ಅಗ್ಗದ ಯಂತ್ರ, ನೆಟ್ಟನೆಯ ಕದಿರು

(ಭಾಷಣದ ಪಾಠ)

ಈಚೆಗೆ ಕಟ್ಟಿದ ಮನೆಗಳಲ್ಲಿ ದೇವರಕೋಣೆಯ ಬಾಗಿಲನ್ನು ನೀವು ನೋಡಿರಬಹುದು. ಹೂವು, ಬಳ್ಳಿ, ನವಿಲು, ಶಂಖ, ಚಕ್ರ ಎಲ್ಲವೂ ಮರದ ಹಲಗೆಯ ಮೇಲೆ ಅಚ್ಚೊತ್ತಿದಂತೆ ಮೂಡಿರುತ್ತವೆ. ಇವುಗಳಲ್ಲಿ ಎಷ್ಟೋ ಬಾಗಿಲುಗಳನ್ನು ಕೆತ್ತಿದ್ದು ಉಳಿ ಹಿಡಿದ ಕೈಯಲ್ಲ. ಗಣಕಯಂತ್ರದ ಆಣತಿಯಂತೆ ಅತ್ತಿತ್ತ ಸರಿಯುವ ಸಿ.ಎನ್.ಸಿ. ಯಂತ್ರ. ಒಂದು ಕಾಲಕ್ಕೆ ದೊಡ್ಡ ಕಾರ್ಖಾನೆಗಳಲ್ಲಿ ಮಾತ್ರ ಕಾಣುತ್ತಿದ್ದ ಈ ಯಂತ್ರದ ಚಿಕ್ಕ ತಳಿ ಈಗ ಬಡಗಿಯ ಷೆಡ್ಡಿಗೆ, ನಾಮಫಲಕ ಮಾಡುವವರ ಅಂಗಡಿಗೆ, ಎಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಯ ಮಹಡಿಗೂ ಬಂದಿದೆ.

ಯಂತ್ರ ಚಿಕ್ಕದಾದರೂ ಅದರ ಹಿಂದಿರುವ ಹಣ ಕೊಂಡವರಿಗೆ ಚಿಕ್ಕದಲ್ಲ. ಸಾಲ ತೆಗೆದೋ, ಒಡವೆ ಅಡವಿಟ್ಟೋ, ವರ್ಷಗಟ್ಟಲೆ ಕೂಡಿಟ್ಟೋ ತಂದದ್ದು ಅದು. ಮೊದಲ ಕೆಲವು ವಾರ ಎಲ್ಲವೂ ಸೊಗಸಾಗಿಯೇ ನಡೆಯುತ್ತದೆ. ಆಮೇಲೆ ಕೊರತೆಗಳು ಒಂದೊಂದಾಗಿ ಕಣ್ಣಿಗೆ ಬೀಳತೊಡಗುತ್ತವೆ. ಆರು ಮಿಲಿಮೀಟರ್ ಅಗಲದ ತೋಡು ತೆಗೆದರೆ ಅದರೊಳಗೆ ಆರು ಮಿಲಿಮೀಟರಿನ ಹಲಗೆ ಬಿಗಿಯಾಗಿ ಕೂರದೆ ಅಲ್ಲಾಡುತ್ತದೆ. ನಯವಾಗಿರಬೇಕಾದ ಮೇಲ್ಮೈ ಉತ್ತ ಹೊಲದಂತೆ ಸಾಲುಸಾಲಾಗುತ್ತದೆ. ಸಣ್ಣ ಕಟ್ಟರ್ ಹಾಕಿದರೆ ಪಟಕ್ಕನೆ ಮುರಿಯುತ್ತದೆ. ಗಿರಾಕಿ ಬಾಗಿಲನ್ನು ಹಿಂದಕ್ಕೆ ಕಳುಹಿಸುತ್ತಾನೆ. ಆಗ ಯಂತ್ರದ ಒಡೆಯರಿಗೆ ಬರುವ ಯೋಚನೆ ಸಾಮಾನ್ಯವಾಗಿ ಒಂದೇ: "ಅಗ್ಗದ್ದು ಅಗ್ಗದ್ದೇ, ಬಂದಷ್ಟಕ್ಕೆ ಮಾರಿಬಿಡೋಣ, ಇಲ್ಲವೆ ಇನ್ನೂ ಬೆಲೆಯ ಸ್ಪಿಂಡಲ್ ತಂದು ಹಾಕೋಣ."

ಈ ಎರಡರಲ್ಲಿ ಯಾವುದನ್ನು ಮಾಡುವ ಮೊದಲೂ ಅಳೆದು ನೋಡಬೇಕು. ನಿಖರತೆಯಲ್ಲಿ ಅಂಗಡಿಯಿಂದ ಕೊಂಡು ತರುವ ಪಾಲು ಸ್ವಲ್ಪ, ಅಳೆದು ತಿದ್ದಿ ಪಡೆಯುವ ಪಾಲು ಹೆಚ್ಚು. ಈ ಭಾಷಣದ ಸಾರಾಂಶ ಅಷ್ಟೆ. ದೋಷ ಯಾವ ಮೆಟ್ಟಿಲಿನಲ್ಲಿದೆ ಎಂದು ತಿಳಿಯದೆ ಹೊಸ ಸ್ಪಿಂಡಲ್ ತಂದರೆ, ಅದೂ ಹಳೆಯ ಡೊಂಕು ಫಲಕದ ಮೇಲೆಯೇ ಕುಳಿತು ಹಳೆಯ ಸಾಲುಗಳನ್ನೇ ಬರೆಯುತ್ತದೆ.

ಸ್ಪಿಂಡಲ್ ಎಂದರೇನು? ರಾಟೆಯ ಕದಿರನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಕದಿರು ತುಸು ಬಾಗಿದರೂ ರಾಟೆ ನಡುಗುತ್ತದೆ, ನೂಲು ಹರಿಯುತ್ತದೆ. ಸಿ.ಎನ್.ಸಿ. ಯಂತ್ರದಲ್ಲಿಯೂ ಕಟ್ಟರನ್ನು ಹಿಡಿದು ಗಿರ್ರನೆ ತಿರುಗಿಸುವ ಅಂಗ ಇದೇ. ಮೋಟಾರು, ಬೇರಿಂಗುಗಳು, ಕಟ್ಟರ್ ಹಿಡಿಯುವ ಬಾಯಿ, ಮೂರೂ ಒಂದೇ ಕೊಳವೆಯೊಳಗೆ ಇರುತ್ತವೆ. ಗಣಕ ಎಷ್ಟೇ ಸರಿಯಾಗಿ ಲೆಕ್ಕ ಹಾಕಲಿ, ಸರಳುಗಳು ಎಷ್ಟೇ ನುಣುಪಾಗಿ ಸರಿಯಲಿ, ಕೊನೆಗೆ ಮರವನ್ನು ಮುಟ್ಟುವುದು ಈ ಕದಿರಿನ ತುದಿ.

ಅಂಕಿಗಳ ಆಣತಿಯಂತೆ ನಡೆಯುವ ಯಂತ್ರದ ಕಥೆ ಬಹಳ ಹಳೆಯದೇನಲ್ಲ. ಹೆಲಿಕಾಪ್ಟರಿನ ರೆಕ್ಕೆಗಳನ್ನು ಕರಾರುವಾಕ್ಕಾಗಿ ಮಾಡಬೇಕಾಗಿ ಬಂದಾಗ ಅಮೆರಿಕದ ಜಾನ್ ಪಾರ್ಸನ್ಸ್ ಅವರು ಈ ಉಪಾಯವನ್ನು ಮುಂದಿಟ್ಟರು. 1952ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯವರು ತೂತು ಹೊಡೆದ ಪಟ್ಟಿಯನ್ನು ಓದಿಕೊಂಡು ಕೆಲಸ ಮಾಡುವ ಯಂತ್ರವನ್ನು ಪ್ರದರ್ಶಿಸಿದರು. ಯಂತ್ರಗಳನ್ನು ಮಾಡುವ ಯಂತ್ರಗಳ ವಿದ್ಯೆ ನಮ್ಮ ನಾಡಿಗೂ ಹೊಸದಲ್ಲ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನಲ್ಲಿ 1953ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಹುಟ್ಟಿದವು. ಈ ವಿದ್ಯೆಯ ಸಂಶೋಧನೆಗಾಗಿಯೇ 1962ರಲ್ಲಿ ಬೆಂಗಳೂರಿನಲ್ಲಿ ಒಂದು ಕೇಂದ್ರ ಸಂಸ್ಥೆ ಪ್ರಾರಂಭವಾಯಿತು. ಅಂಥ ಕಡೆಗಳಲ್ಲಿ ಕೆಲಸ ಕಲಿತವರ ಕೈಯಲ್ಲಿ ಮೊದಲು ಕಾಣಿಸುತ್ತಿದ್ದುದು ಸುತ್ತಿಗೆಯಲ್ಲ, ಅಳತೆಯ ಉಪಕರಣ. ಮನೆಯ ಷೆಡ್ಡಿಗೂ ಆ ಅಭ್ಯಾಸವೇ ಬೇಕು.

ಇನ್ನು ಅಗ್ಗದ ಸ್ಪಿಂಡಲಿನ ವಿಷಯಕ್ಕೆ ಬರೋಣ. ಚೀಣಾದಿಂದ ಬರುವ ಒಂದೂವರೆ ಅಥವಾ 2.2 ಕಿಲೋವಾಟಿನ, 65 ಅಥವಾ 80 ಮಿಲಿಮೀಟರ್ ದಪ್ಪದ ದುಂಡು ಸ್ಪಿಂಡಲುಗಳೇ ಈ ವರ್ಗದಲ್ಲಿ ಹೆಚ್ಚು. ಕೆಲವನ್ನು ಗಾಳಿ ತಣಿಸುತ್ತದೆ, ಕೆಲವನ್ನು ನೀರು. ನಿಮಿಷಕ್ಕೆ ಸುಮಾರು 24,000 ಸುತ್ತು ತಿರುಗುತ್ತವೆ. ಈ ವೇಗ ಮನೆಯ ವಿದ್ಯುತ್ತಿನಿಂದ ನೇರವಾಗಿ ಬರುವುದಿಲ್ಲ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಅದನ್ನು 400 ಆವರ್ತಗಳಿಗೆ ಏರಿಸಿ ಕೊಡುವ ಪೆಟ್ಟಿಗೆ ಒಂದಿರುತ್ತದೆ, ಅದನ್ನು ವಿ.ಎಫ್.ಡಿ. ಎನ್ನುತ್ತಾರೆ.

ಅಳತೆಗೆ ಮೊದಲು ಈ ಪೆಟ್ಟಿಗೆಯ ಬಗ್ಗೆ ಎರಡು ಎಚ್ಚರಿಕೆ ಹೇಳಬೇಕು. ಒಂದು ಸ್ಪಿಂಡಲಿನ ಪ್ರಾಣಕ್ಕೆ, ಇನ್ನೊಂದು ನಿಮ್ಮ ಪ್ರಾಣಕ್ಕೆ ಸಂಬಂಧಿಸಿದ್ದು.

ಮೊದಲನೆಯದು. ಇಂಥ ಸ್ಪಿಂಡಲಿಗೆ 220 ವೋಲ್ಟು ಸಲ್ಲುವುದು 400 ಆವರ್ತಗಳಲ್ಲಿ ತಿರುಗುವಾಗ. ಆವರ್ತ ಇಳಿದಂತೆ ವೋಲ್ಟೂ ಅದೇ ಪ್ರಮಾಣದಲ್ಲಿ ಇಳಿಯಬೇಕು. 50 ಆವರ್ತಗಳಲ್ಲಿ ಅದಕ್ಕೆ ಬೇಕಾದದ್ದು 27 ಅಥವಾ 28 ವೋಲ್ಟು ಮಾತ್ರ. ಆದರೆ ಎಷ್ಟೋ ಪೆಟ್ಟಿಗೆಗಳು ಸಾಮಾನ್ಯ ಮೋಟಾರಿಗೆಂದು 50 ಆವರ್ತಕ್ಕೇ ಪೂರ್ಣ ವೋಲ್ಟು ಕೊಡುವಂತೆ ಹೊಂದಿಸಿಕೊಂಡು ಬಂದಿರುತ್ತವೆ. ಹಾಗೆಯೇ ಚಾಲೂ ಮಾಡಿದರೆ ಸ್ಪಿಂಡಲಿನ ಸುರುಳಿಗೆ ಸಲ್ಲಬೇಕಾದುದರ ಎಂಟು ಪಟ್ಟು ವೋಲ್ಟು ನುಗ್ಗಿ, ಕ್ಷಣಮಾತ್ರದಲ್ಲಿ ಸುಟ್ಟು ವಾಸನೆ ಬಂದೀತು. ಆದ್ದರಿಂದ ಸ್ಪಿಂಡಲನ್ನು ಜೋಡಿಸುವ ಮೊದಲೇ ಪೆಟ್ಟಿಗೆಯ ಕೈಪಿಡಿಯನ್ನು ಮುಂದಿಟ್ಟುಕೊಂಡು ಮೂಲ ಆವರ್ತ 400, ಗರಿಷ್ಠ ಆವರ್ತ 400, ವೋಲ್ಟು 220, ಆಂಪಿಯರು ಸ್ಪಿಂಡಲಿನ ಮೇಲಿನ ಫಲಕದಲ್ಲಿ ಬರೆದಷ್ಟು ಎಂದು ಹೊಂದಿಸಿ. ನಿಮ್ಮ ಫಲಕದ ಮೇಲೆ ಬೇರೆ ಅಂಕಿ ಇದ್ದರೆ ಫಲಕದ ಅಂಕಿಯೇ ಪ್ರಮಾಣ.

ಎರಡನೆಯದು ಭೂಸಂಪರ್ಕ, ಅಂದರೆ ಅರ್ಥಿಂಗ್. ಸ್ಪಿಂಡಲಿನ ತಲೆಯಲ್ಲಿ ನಾಲ್ಕು ಕಡ್ಡಿಯ ಪ್ಲಗ್ಗು ಇರುತ್ತದೆ. ಮೂರು ಕಡ್ಡಿ ವಿದ್ಯುತ್ತಿಗೆ, ನಾಲ್ಕನೆಯದು ಅರ್ಥಿಂಗಿಗೆ. ಅಗ್ಗದ ಎಷ್ಟೋ ಸ್ಪಿಂಡಲುಗಳಲ್ಲಿ ಈ ನಾಲ್ಕನೆಯ ಕಡ್ಡಿ ಒಳಗೆ ಯಾವುದಕ್ಕೂ ಸೇರಿರುವುದಿಲ್ಲ, ಹೆಸರಿಗೆ ಮಾತ್ರ ಇರುತ್ತದೆ. ಕೇಬಲ್ಲನ್ನು ಪೂರ್ತಿ ಕಳಚಿ, ಮೀಟರಿನ ಒಂದು ತುದಿಯನ್ನು ಆ ಕಡ್ಡಿಗೂ ಇನ್ನೊಂದನ್ನು ಸ್ಪಿಂಡಲಿನ ಮೈಗೂ ಮುಟ್ಟಿಸಿ ನೋಡಿ. ಸಂಪರ್ಕ ಕಾಣದಿದ್ದರೆ ಎಲೆಕ್ಟ್ರಿಷಿಯನ್ನರಿಂದ ಅದನ್ನು ಸರಿಮಾಡಿಸುವ ತನಕ ಯಂತ್ರವನ್ನು ಮುಟ್ಟಬೇಡಿ. ಪೆಟ್ಟಿಗೆಯ ಮುಚ್ಚಳ ತೆಗೆಯಬೇಕಾದರೆ ವಿದ್ಯುತ್ತು ಆರಿಸಿದ ಮೇಲೂ ಕೈಪಿಡಿಯಲ್ಲಿ ಹೇಳಿದಷ್ಟು ನಿಮಿಷ ಕಾಯಬೇಕು. ಒಳಗೆ ಕೂಡಿಟ್ಟ ವಿದ್ಯುತ್ತು ಕೊಲ್ಲುವಷ್ಟು ಬಲವಾಗಿರುತ್ತದೆ. ಸ್ಪಿಂಡಲ್ ತಿರುಗುವ ದಿಕ್ಕನ್ನೂ ನಿಧಾನ ವೇಗದಲ್ಲಿ ಒಮ್ಮೆ ನೋಡಿಕೊಳ್ಳಿ. ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗಬೇಕು. ಹಿಂದುಮುಂದಾಗಿದ್ದರೆ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿಸಿದರೆ ಸರಿಹೋಗುತ್ತದೆ.

ಇನ್ನು ಅಳತೆ. ಇದಕ್ಕೆ ಬೇಕಾದ ಮುಖ್ಯ ಉಪಕರಣ ಡಯಲ್ ಗೇಜು. ನೋಡಲು ಜೇಬುಗಡಿಯಾರದಂತಿದ್ದು, ಅದರ ಮೊನೆ ಮಿಲಿಮೀಟರಿನ ನೂರನೆಯ ಒಂದು ಪಾಲು ಸರಿದರೂ ಮುಳ್ಳು ಒಂದು ಗೀಟು ಚಲಿಸುತ್ತದೆ. ನಾವು ಬರೆಯುವ ಸಾಧಾರಣ ಕಾಗದದ ದಪ್ಪ ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಎಂದರೆ ಕಾಗದದ ದಪ್ಪವನ್ನು ಹತ್ತು ಪದರವಾಗಿ ಸೀಳಿದರೆ ಅದರಲ್ಲಿ ಒಂದು ಪದರವನ್ನು ಈ ಗೇಜು ತೋರಿಸಬಲ್ಲದು. ಕೊಳವೆಯ ಒಳಮೈಯನ್ನು ಮುಟ್ಟಿ ನೋಡುವ ಸಣ್ಣ ಸನ್ನೆಕಡ್ಡಿಯ ಗೇಜು ಸಿಕ್ಕಿದರೆ ಇನ್ನೂ ಒಳ್ಳೆಯದು. ಅದನ್ನು ನಿಲ್ಲಿಸಲು ಅಯಸ್ಕಾಂತದ ಪೀಠವಿರುತ್ತದೆ. ಯಂತ್ರದ ಮೇಜು ಅಲ್ಯೂಮಿನಿಯಮ್ಮಿನದಾದರೆ ಕಾಂತ ಅಂಟುವುದಿಲ್ಲವಾದ ಕಾರಣ, ಒಂದು ಉಕ್ಕಿನ ತುಂಡನ್ನು ಮೇಜಿಗೆ ಬಿಗಿದು ಅದರ ಮೇಲೆ ಪೀಠವನ್ನಿಡಬೇಕು.

ಸ್ಪಿಂಡಲಿನ ದೋಷಗಳಲ್ಲಿ ಮುಖ್ಯವಾದವು ಎರಡು ಜಾತಿ. ಇವೆರಡನ್ನೂ ಒಂದೇ ಎಂದು ಎಣಿಸುವುದರಿಂದಲೇ ಅರ್ಧ ತೊಂದರೆ. ಒಂದು, ಕಟ್ಟರಿನ ಓಲಾಟ. ಇದನ್ನು ರನ್‌ಔಟ್ ಎನ್ನುತ್ತಾರೆ. ಕಟ್ಟರು ತನ್ನ ನಡುಗೆರೆಯ ಮೇಲೆಯೇ ತಿರುಗದೆ ಸುತ್ತುವರಿದು ತಿರುಗುವುದು. ಇನ್ನೊಂದು, ಸ್ಪಿಂಡಲಿನ ವಾಲಿಕೆ; ಕದಿರು ಸರಿಯಾಗಿಯೇ ತಿರುಗಿದರೂ ಮೇಜಿಗೆ ಲಂಬವಾಗಿ ನಿಲ್ಲದೆ ಇರುವುದು. ಓಲಾಟವನ್ನು ಅಳೆಯುವಾಗ ಗೇಜು ನಿಂತಿರುತ್ತದೆ, ಸ್ಪಿಂಡಲ್ ತಿರುಗುತ್ತದೆ. ವಾಲಿಕೆಯನ್ನು ಅಳೆಯುವಾಗ ಗೇಜೇ ಸ್ಪಿಂಡಲಿನೊಡನೆ ತಿರುಗಿ ಮೇಜನ್ನು ಸವರುತ್ತದೆ. ತೋಡು ಅಗಲವಾಗುವುದು, ಸಣ್ಣ ಕಟ್ಟರು ಮುರಿಯುವುದು ಹೆಚ್ಚಾಗಿ ಓಲಾಟದಿಂದ. ಮೇಲ್ಮೈ ಸಾಲುಸಾಲಾಗುವುದು ವಾಲಿಕೆಯಿಂದ.

ಓಲಾಟವನ್ನು ಮೊದಲು ನೋಡೋಣ. ಸೈಕಲ್ ರಿಪೇರಿಯವರು ಚಕ್ರದ ಬೆಂಡು ತೆಗೆಯುವಾಗ ರಿಮ್ಮಿನ ಪಕ್ಕದಲ್ಲಿ ಸೀಮೆಸುಣ್ಣ ಹಿಡಿದು ಚಕ್ರ ತಿರುಗಿಸುತ್ತಾರಷ್ಟೆ; ಗುರುತು ಬಿದ್ದ ಕಡೆ ಉಬ್ಬು. ನಾವು ಮಾಡಬೇಕಾದದ್ದೂ ಅದೇ. ಆದರೆ ಒಂದೇ ಸಲ ಕಟ್ಟರಿನ ತುದಿಯನ್ನು ಅಳೆದರೆ ಒಟ್ಟು ದೋಷ ತಿಳಿದೀತೇ ಹೊರತು ಅದು ಯಾರ ದೋಷವೆಂಬುದು ತಿಳಿಯುವುದಿಲ್ಲ. ಕಟ್ಟರನ್ನು ಹಿಡಿಯುವುದು ಸೀಳುಗಳಿರುವ ಒಂದು ಉಕ್ಕಿನ ಬಳೆ. ಅದರ ಹೆಸರು ಕೊಲೆಟ್ಟು. ಆ ಕೊಲೆಟ್ಟು ಕೂರುವುದು ಸ್ಪಿಂಡಲಿನ ಬಾಯಿಯಲ್ಲಿ, ಆಲಿಕೆಯಂತೆ ಒಳಕ್ಕೆ ಕಿರಿದಾಗುತ್ತ ಹೋಗುವ ಗೂಡಿನಲ್ಲಿ. ಅದನ್ನು ಬಿಗಿಯುವುದು ಒಂದು ನಟ್ಟು. ಇ.ಆರ್. ಎಂಬ ಹೆಸರಿನ ಈ ಏರ್ಪಾಡನ್ನು 1970ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ರೆಗೋ-ಫಿಕ್ಸ್ ಕಂಪನಿ ರೂಪಿಸಿತು. ಈಗ ಲೋಕವೆಲ್ಲ ಬಳಸುತ್ತದೆ. ಗೂಡು, ಕೊಲೆಟ್ಟು, ನಟ್ಟು, ಕಟ್ಟರು ಈ ನಾಲ್ವರಲ್ಲಿ ಯಾರ ದೋಷವೆಂದು ಒಬ್ಬೊಬ್ಬರನ್ನಾಗಿ ವಿಚಾರಿಸಬೇಕು.

ಮೊದಲು ವಿದ್ಯುತ್ತಿನ ಪ್ಲಗ್ಗನ್ನು ಕಿತ್ತಿಡಿ. ಕೊಲೆಟ್ಟು ತೆಗೆದು ಗೂಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಒರಸಿ. ಗಾಳಿ ಪಂಪಿನಿಂದ ಒಳಕ್ಕೆ ಊದಬೇಡಿ. ದೂಳು ಬೇರಿಂಗಿನ ಕಡೆಗೆ ಹೋಗುತ್ತದೆ. ಗೇಜಿನ ಕಡ್ಡಿಯನ್ನು ಗೂಡಿನ ಒಳಮೈಗೆ ತಾಗಿಸಿ, ಸ್ಪಿಂಡಲನ್ನು ಕೈಯಿಂದ ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಮುಳ್ಳು ಮುಟ್ಟಿದ ಅತಿ ಹೆಚ್ಚಿಗೂ ಅತಿ ಕಡಿಮೆಗೂ ಇರುವ ಅಂತರವೇ ಗೂಡಿನ ಓಲಾಟ. ಇದನ್ನು ಮೂರು ಸಲ ಮಾಡಿ. ಮೂರು ಸಲವೂ ಅದೇ ಅಂಕಿ, ಅದೇ ಜಾಗದಲ್ಲಿ ಬರಬೇಕು. ಒಂದೊಂದು ಸಲ ಒಂದೊಂದು ಬಂದರೆ ಗೇಜಿನ ಪೀಠ ಸಡಿಲವಿದೆ, ಇಲ್ಲವೆ ಬೇರಿಂಗು ಸವೆದಿದೆ. ಗೂಡಿನ ಓಲಾಟ 0.005 ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆ ಇದ್ದರೆ ನೀವು ಪುಣ್ಯವಂತರು. 0.01ರ ಸುತ್ತಮುತ್ತ ಇದ್ದರೆ ಮರದ ಕೆಲಸಕ್ಕೆ ಧಾರಾಳವಾಗಿ ಸಾಕು. 0.03, 0.04 ಎಂದು ಬಂದರೆ ಗೂಡನ್ನೇ ಸರಿಯಾಗಿ ಅರೆದಿಲ್ಲವೆಂದು ಅರ್ಥ. ಅಂಥದನ್ನು ಕೊಂಡ ಹೊಸತರಲ್ಲೇ ಹಿಂದಿರುಗಿಸುವುದು ಒಳಿತು. ಅದಕ್ಕಾಗಿಯೇ ಈ ಅಳತೆಯನ್ನು ಪೆಟ್ಟಿಗೆ ಬಿಚ್ಚಿದ ದಿನವೇ ಮಾಡಬೇಕು.

ಎರಡನೆಯ ಮೆಟ್ಟಿಲು ಕೊಲೆಟ್ಟು. ಅಗ್ಗದ ಸ್ಪಿಂಡಲಿನ ಜೊತೆಗೆ ಉಚಿತವಾಗಿ ಬರುವ ಕೊಲೆಟ್ಟುಗಳೇ ಎಷ್ಟೋ ಸಲ ನಿಜವಾದ ಕಳ್ಳರು. ಕಟ್ಟರಿನ ಬದಲು ಚೆನ್ನಾಗಿ ಅರೆದ, ನೇರವಾದ ಉಕ್ಕಿನ ಪಿನ್ನೊಂದನ್ನು ಹಿಡಿಸಿ, ನಟ್ಟಿನ ಹತ್ತಿರ ಒಂದು ಸಲ, ಅದಕ್ಕಿಂತ ಐವತ್ತು ಮಿಲಿಮೀಟರ್ ಕೆಳಗೆ ಇನ್ನೊಂದು ಸಲ ಅಳೆಯಿರಿ. ಎರಡು ಕಡೆಯೂ ಒಂದೇ ಅಂಕಿ ಬಂದರೆ ಪಿನ್ನು ನೇರವಾಗಿದ್ದರೂ ಪಕ್ಕಕ್ಕೆ ಸರಿದಿದೆ. ಕೆಳಗೆ ಹೋದಂತೆ ಅಂಕಿ ಬೆಳೆದರೆ ಓರೆಯಾಗಿ ಹಿಡಿಯಲ್ಪಟ್ಟಿದೆ. ಗೂಡಿನ ಅಂಕಿ ಚೆನ್ನಾಗಿದ್ದು ಇಲ್ಲಿ ಕೆಟ್ಟಿದ್ದರೆ, ಬದಲಾಯಿಸಬೇಕಾದದ್ದು ಸ್ಪಿಂಡಲನ್ನಲ್ಲ, ಕೊಲೆಟ್ಟನ್ನು. ಹೆಚ್ಚಿನ ನಿಖರತೆಯ ದರ್ಜೆಯ ಕೊಲೆಟ್ಟು ಒಂದೆರಡನ್ನು ನೀವು ದಿನನಿತ್ಯ ಬಳಸುವ ಅಳತೆಗೆ ಕೊಂಡರೆ, ಇಡೀ ಯಂತ್ರಕ್ಕೆ ಹಾಕಿದ ಹಣಕ್ಕಿಂತ ಹೆಚ್ಚು ಫಲ ಅದರಿಂದ ಬರುವುದುಂಟು.

ಕೊಲೆಟ್ಟನ್ನು ಹಾಕುವುದರಲ್ಲಿಯೂ ಒಂದು ಕ್ರಮವಿದೆ. ನಟ್ಟಿನ ಒಳಗೆ ಒಂದು ಪಕ್ಕಕ್ಕೆ ಸರಿದ ಬಳೆಯಂಥ ಅಂಚು ಇರುತ್ತದೆ. ಕೊಲೆಟ್ಟನ್ನು ಸ್ವಲ್ಪ ಓರೆ ಮಾಡಿ ಅದಕ್ಕೆ ಒತ್ತಿದರೆ ಟಕ್ಕೆಂದು ಕೂರುತ್ತದೆ. ಹೀಗೆ ಮೊದಲು ನಟ್ಟಿನಲ್ಲಿ ಕೂರಿಸಿ, ಆಮೇಲೆ ಸ್ಪಿಂಡಲಿಗೆ ಹಾಕಬೇಕು. ಹಲವರು ಕೊಲೆಟ್ಟನ್ನು ಗೂಡಿನಲ್ಲಿಟ್ಟು ಮೇಲೆ ನಟ್ಟು ತಿರುಗಿಸಿಬಿಡುತ್ತಾರೆ. ಆಗ ಅದು ಡೊಂಕಾಗಿ ಅಮುಕಲ್ಪಡುತ್ತದೆ, ಬಿಚ್ಚುವಾಗ ಹೊರಕ್ಕೂ ಬರುವುದಿಲ್ಲ. ಕಟ್ಟರು ಇಲ್ಲದೆ ಬರಿಯ ಕೊಲೆಟ್ಟನ್ನು ಬಿಗಿಯಬಾರದು. ಕಟ್ಟರಿನ ದಂಡ ಕೊಲೆಟ್ಟಿನ ಉದ್ದದಲ್ಲಿ ಮೂರರಲ್ಲಿ ಎರಡು ಪಾಲಾದರೂ ಒಳಗಿರಬೇಕು. ಅಳತೆಯೂ ಸರಿಹೊಂದಬೇಕು: ಅಂಗುಲದ ಎಂಟನೆಯ ಒಂದು ಪಾಲು, ಎಂದರೆ 3.175 ಮಿಲಿಮೀಟರ್ ದಂಡದ ಕಟ್ಟರುಗಳು ಪೇಟೆಯಲ್ಲಿ ಬಹಳ. ಅವು ಮೂರು ಮಿಲಿಮೀಟರಿನ ಕೊಲೆಟ್ಟಿಗೆ ಹೋಗುವುದಿಲ್ಲವೆಂದು ನಾಲ್ಕರದಕ್ಕೆ ಹಾಕಿ ಹಿಂಡುವುದುಂಟು. ಹಿಡಿಯುತ್ತದೆ, ಆದರೆ ಸರಿಯಾಗಿ ಹಿಡಿಯುವುದಿಲ್ಲ. ಅವಕ್ಕೆ ಅದೇ ಅಳತೆಯ ಕೊಲೆಟ್ಟು ಸಿಗುತ್ತದೆ. ಕಟ್ಟರು ಹೊರಕ್ಕೆ ಚಾಚಿದಷ್ಟೂ ಬಾಗುವುದು ಹೆಚ್ಚು. ಚಾಚಿಕೆ ಎರಡರಷ್ಟಾದರೆ, ಅದೇ ಒತ್ತಡಕ್ಕೆ ಬಾಗುವುದು ಎಂಟರಷ್ಟು. ಬೇಕಾದುದಕ್ಕಿಂತ ಒಂದು ಬೆರಳೂ ಹೆಚ್ಚು ಚಾಚಬೇಡಿ.

ಇನ್ನೊಂದು ಉಪಾಯ ಕಾಸು ಖರ್ಚಿಲ್ಲದ್ದು. ಗೂಡಿನ ಓಲಾಟ 0.012 ಮಿಲಿಮೀಟರ್ ಇದೆ, ಕೊಲೆಟ್ಟಿನದು 0.010 ಇದೆ ಎಂದುಕೊಳ್ಳಿ. ಎರಡರ ಉಬ್ಬೂ ಒಂದೇ ಪಕ್ಕಕ್ಕೆ ಬಂದರೆ ಒಟ್ಟು 0.022. ಕೊಲೆಟ್ಟನ್ನು ಅರ್ಧ ಸುತ್ತು ತಿರುಗಿಸಿ ಹಾಕಿ, ಉಬ್ಬುಗಳು ಎದುರುಬದುರಾದರೆ ಉಳಿಯುವುದು 0.002 ಮಾತ್ರ. ಒಂದು ದೋಷ ಇನ್ನೊಂದನ್ನು ನುಂಗಿಬಿಡುತ್ತದೆ. ಆದ್ದರಿಂದ ಕೊಲೆಟ್ಟನ್ನು ಕಾಲು ಸುತ್ತಿನಂತೆ ನಾಲ್ಕು ಸ್ಥಾನಗಳಲ್ಲಿ ಹಾಕಿ ಅಳೆದು, ಎಲ್ಲಕ್ಕಿಂತ ಒಳ್ಳೆಯ ಸ್ಥಾನದಲ್ಲಿ ಸ್ಪಿಂಡಲಿನ ಮೂತಿಗೂ ಕೊಲೆಟ್ಟಿಗೂ ಒಂದೊಂದು ಚುಕ್ಕೆ ಉಗುರುಬಣ್ಣ ಹಚ್ಚಿಟ್ಟುಕೊಳ್ಳಿ. ಮುಂದೆ ಪ್ರತಿ ಸಲವೂ ಚುಕ್ಕೆಗೆ ಚುಕ್ಕೆ ಹೊಂದಿಸಿ ಹಾಕಿದರೆ ಆಯಿತು.

ಈ ನೂರನೆಯ ಪಾಲುಗಳಿಂದ ಏನು ಮಹಾ ಎಂದು ನೀವು ಕೇಳಬಹುದು. ಲೆಕ್ಕ ನೋಡಿ. ಎರಡು ಹಲ್ಲಿನ ಕಟ್ಟರು ನಿಮಿಷಕ್ಕೆ 18,000 ಸುತ್ತು ತಿರುಗುತ್ತ, ನಿಮಿಷಕ್ಕೆ 1,800 ಮಿಲಿಮೀಟರ್ ಮುಂದೆ ಹೋದರೆ, ಒಂದೊಂದು ಹಲ್ಲಿನ ಪಾಲಿಗೆ ಬರುವ ತುತ್ತು 0.05 ಮಿಲಿಮೀಟರ್. ಓಲಾಟ 0.02 ಇದ್ದರೆ ಒಂದು ಹಲ್ಲು 0.07 ಕಚ್ಚುತ್ತದೆ, ಇನ್ನೊಂದು 0.03. ಆರು ಮಿಲಿಮೀಟರಿನ ಕಟ್ಟರು ಇದನ್ನು ತಾಳಿಕೊಂಡೀತು. ತೋಡು ಮಾತ್ರ 6.02 ಆಗುತ್ತದೆ. ಆದರೆ ಒಂದು ಮಿಲಿಮೀಟರಿನ ಕಟ್ಟರಿಗೆ ತುತ್ತೇ 0.01 ಇದ್ದಾಗ, ಅದೇ 0.02 ಓಲಾಟದಲ್ಲಿ ಒಂದು ಹಲ್ಲು ಇಬ್ಬರ ಕೆಲಸವನ್ನೂ ಮಾಡುತ್ತದೆ, ಇನ್ನೊಂದು ಮರವನ್ನು ಮುಟ್ಟುವುದೇ ಇಲ್ಲ. ಹೊತ್ತ ಹಲ್ಲು ಬೇಗ ಮೊಂಡಾಗಿ, ಕಟ್ಟರು ಮುರಿಯುತ್ತದೆ. "ಸಣ್ಣ ಕಟ್ಟರುಗಳೆಲ್ಲ ಕಳಪೆ" ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಈ ಲೆಕ್ಕವೇ.

ಓಲಾಟ ಸರಿಹೋದ ಮೇಲೆ ವಾಲಿಕೆ. ಕುಣಿಯಲಾರದವಳು ಅಂಗಳ ಡೊಂಕೆಂದಳಂತೆ ಎಂದು ನಾವು ನಗುತ್ತೇವೆ. ಇಲ್ಲಿ ಮಾತ್ರ ಅಂಗಳ ನಿಜವಾಗಿಯೂ ಡೊಂಕಾಗಿರಬಹುದು, ಕುಣಿಯುವವಳೂ ಡೊಂಕಾಗಿರಬಹುದು. ಯಾರೆಂದು ಗೇಜು ಹೇಳಬೇಕು. ಅಳೆಯುವ ಮೊದಲು ಸ್ಪಿಂಡಲನ್ನು ಹಿಡಿದಿರುವ ಅಲ್ಯೂಮಿನಿಯಮ್ ಹಿಡಿಯ ತಿರುಪುಗಳನ್ನು ಒಂದೇ ಸಮನಾಗಿ, ಸ್ಪಿಂಡಲ್ ಜಾರದಷ್ಟು ಮಾತ್ರ ಬಿಗಿಯಿರಿ. ಮೈಬಲವೆಲ್ಲ ಹಾಕಿ ಬಿಗಿದರೆ ತೆಳುವಾದ ಕೊಳವೆ ಹಿಂಡಿಕೊಂಡು ಒಳಗಿನ ಬೇರಿಂಗು ಬಿಸಿಯಾಗುತ್ತದೆ. ಬಿಗಿದ ಮೇಲೆ ಗೂಡಿನ ಓಲಾಟವನ್ನು ಮತ್ತೊಮ್ಮೆ ನೋಡಿ. ಕೈಯಿಂದ ತಿರುಗಿಸಿದಾಗ ಮೊದಲಿನಷ್ಟೇ ಹಗುರವಾಗಿ ತಿರುಗುವುದೇ ಎಂದೂ ನೋಡಿ. ಬಳಿಕ ಗೇಜನ್ನು ಸ್ಪಿಂಡಲಿನ ಮೂತಿಗೆ ತಾಗಿಸಿ, ಮೂತಿಯನ್ನು ಕೈಯಿಂದ ತಳ್ಳಿ. ಮುಳ್ಳು ಸರಿದು ಹಿಂದಕ್ಕೆ ಬಾರದಿದ್ದರೆ ಎಲ್ಲೋ ಒಂದು ತಿರುಪು ಸಡಿಲವಾಗಿದೆ. ಸಡಿಲವಿರುವ ಯಂತ್ರವನ್ನು ಲಂಬಕ್ಕೆ ತರುವ ಪ್ರಯತ್ನ ವ್ಯರ್ಥ.

ಈಗ ಸ್ಪಿಂಡಲಿಗೆ ಒಂದು ತೋಳು ಕಟ್ಟಿ, ತೋಳಿನ ತುದಿಗೆ ಗೇಜು ಕಟ್ಟಿ. ತೋಳು 100 ಮಿಲಿಮೀಟರ್ ಇರಲಿ. ಮೇಜಿನ ಮೇಲೆ ದಪ್ಪ ಗಾಜಿನ ಹಲಗೆಯೊಂದನ್ನು ಹಾಸಿದರೆ ಗೇಜಿನ ಮೊನೆ ತಡೆಯಿಲ್ಲದೆ ಜಾರುತ್ತದೆ. ಎಡಕ್ಕೆ ತಿರುಗಿಸಿ ಅಂಕಿ ಓದಿ, ಬಲಕ್ಕೆ ತಿರುಗಿಸಿ ಓದಿ. ಹಾಗೆಯೇ ಹಿಂದೆ, ಮುಂದೆ. ಎಡಕ್ಕೂ ಬಲಕ್ಕೂ 0.20 ಮಿಲಿಮೀಟರ್ ವ್ಯತ್ಯಾಸ ಬಂತೆನ್ನೋಣ. ಎರಡು ತುದಿಗಳ ನಡುವೆ 200 ಮಿಲಿಮೀಟರ್. ಎಂದರೆ ಸಾವಿರಕ್ಕೆ ಒಂದರಂತೆ ವಾಲಿದೆ. ಇಪ್ಪತ್ತೈದು ಮಿಲಿಮೀಟರಿನ ಕಟ್ಟರಿನಿಂದ ಮೇಲ್ಮೈ ತೆಗೆದರೆ ಅದರ ಒಂದು ಅಂಚು ಇನ್ನೊಂದಕ್ಕಿಂತ 0.025 ಮಿಲಿಮೀಟರ್ ತಗ್ಗಿಗೆ ಹೋಗುತ್ತದೆ. ಅಷ್ಟು ಸಣ್ಣ ಮೆಟ್ಟಿಲನ್ನೂ ಉಗುರು ಗುರುತಿಸುತ್ತದೆ. ವಾರ್ನಿಷ್ ಹಚ್ಚಿದ ಮೇಲೆ ಕಣ್ಣೂ ಗುರುತಿಸುತ್ತದೆ.

ಇದಕ್ಕೆ ಮದ್ದು ಸುಲಭ. ಸ್ಪಿಂಡಲಿನ ಹಿಡಿ ಕುಳಿತಿರುವ ಫಲಕದ ತಿರುಪುಗಳ ನಡುವೆ 100 ಮಿಲಿಮೀಟರ್ ಅಂತರವಿದ್ದರೆ, ಸಾವಿರಕ್ಕೊಂದರ ವಾಲಿಕೆಗೆ ಬೇಕಾದದ್ದು 0.10 ಮಿಲಿಮೀಟರಿನ ಒಂದು ಹಾಳೆ. ಪರೀಕ್ಷೆಗೆ ಬರೆಯುವ ಕಾಗದದ ತುಂಡೇ ಸಾಕು. ಅಂಕಿ ಸರಿಹೋದ ಮೇಲೆ ಅದೇ ದಪ್ಪದ ಹಿತ್ತಾಳೆಯ ಅಥವಾ ಉಕ್ಕಿನ ಹಾಳೆ ಹಾಕಿ ಬಿಗಿಯಿರಿ. ಕಾಗದ ಕಾಲಕ್ರಮದಲ್ಲಿ ಅಮುಕಿಹೋಗುತ್ತದೆ. ಮುಂದಕ್ಕೆ ಹಿಂದಕ್ಕೆ ವಾಲಿದ್ದರೆ ಹಾಳೆ ಫಲಕದ ಮೇಲಿನ ಅಥವಾ ಕೆಳಗಿನ ತಿರುಪುಗಳ ಹಿಂದೆ. ಎಡಕ್ಕೆ ಬಲಕ್ಕೆ ವಾಲಿದ್ದರೆ ತಿರುಪುಗಳನ್ನು ಸ್ವಲ್ಪ ಸಡಿಲಿಸಿ, ಫಲಕವನ್ನೇ ತುಸು ತಿರುಗಿಸಿ ಬಿಗಿಯುವುದು. ಆಗ ಎಷ್ಟು ತಿರುಗಬೇಕೆಂಬುದಕ್ಕೆ ಅದೇ ಹಾಳೆ ಅಂಚಿನಲ್ಲಿ ಆನಿಕೆಯಾಗುತ್ತದೆ. ಪ್ರತಿ ಸಲ ಬಿಗಿದ ಮೇಲೆ ಮತ್ತೆ ಅಳೆಯಬೇಕು, ಏಕೆಂದರೆ ಬಿಗಿಯುವಾಗಲೇ ಅದು ಸರಿಯುವುದುಂಟು. 200 ಮಿಲಿಮೀಟರಿಗೆ 0.02 ಅಥವಾ 0.03ರ ಒಳಗೆ ಬಂದರೆ ಚಿಕ್ಕ ಯಂತ್ರಕ್ಕೆ ತೃಪ್ತಿಪಡಬಹುದು. ಮೇಜಿನ ಮೇಲೆ ಹಾಸಿದ ಎಂ.ಡಿ.ಎಫ್. ಹಲಗೆಯನ್ನು ಅದೇ ಯಂತ್ರದಿಂದ ಸಮತಟ್ಟು ಮಾಡುವ ಕೆಲಸ ಇದಾದ ಮೇಲಿನದು. ಮೊದಲೇ ಮಾಡಿದರೆ ಸ್ಪಿಂಡಲಿನ ಡೊಂಕು ಮೇಜಿಗೂ ಅಂಟುತ್ತದೆ.

ಮೂರನೆಯ ದೋಷವೊಂದಿದೆ, ಅದು ಕಾಣುವುದು ಕೆಲಸ ಶುರುವಾದ ಮೇಲೆ. ಅದು ಶಾಖ. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಮಿಲಿಮೀಟರಿನ ಸಾವಿರದ ಹನ್ನೊಂದು ಹನ್ನೆರಡು ಪಾಲು ಬೆಳೆಯುತ್ತದೆ. 200 ಮಿಲಿಮೀಟರಿನ ಸ್ಪಿಂಡಲು ಇಪ್ಪತ್ತು ಡಿಗ್ರಿ ಬಿಸಿಯಾದರೆ ಸುಮಾರು 0.045 ಮಿಲಿಮೀಟರ್ ಬೆಳೆದಂತಾಯಿತು. ಬೆಳಿಗ್ಗೆ ತಣ್ಣಗಿರುವಾಗ ಆಳವನ್ನು ಗೊತ್ತುಮಾಡಿ ಕೆತ್ತಲು ಹಚ್ಚಿದರೆ, ಮಧ್ಯಾಹ್ನದ ಹೊತ್ತಿಗೆ ಅಕ್ಷರಗಳು ತುಸು ಆಳಕ್ಕೆ ಹೋಗಿರುತ್ತವೆ. ಸಣ್ಣ ಮೊನೆಯ ಕಟ್ಟರಿನಿಂದ ಬರೆಯುವ ನಾಮಫಲಕದಲ್ಲಿ ಇದರಿಂದ ಗೆರೆಗಳೂ ದಪ್ಪವಾಗುತ್ತವೆ. ಆದ್ದರಿಂದ ದಿನದ ಕೆಲಸಕ್ಕೆ ಮೊದಲು ಸ್ಪಿಂಡಲನ್ನು ನಿಧಾನ ವೇಗದಲ್ಲಿ ಆರಂಭಿಸಿ, ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಹತ್ತು ಹದಿನೈದು ನಿಮಿಷ ಬರಿದೆ ಓಡಿಸಿ. ಆಮೇಲೆ ಆಳವನ್ನು ಗೊತ್ತುಮಾಡಿ. ಇದು ಬೇರಿಂಗಿನ ಒಳಗೆ ಗ್ರೀಸು ಹರಡಿಕೊಳ್ಳಲೂ ಒಳ್ಳೆಯದು. ನೀರಿನ ಸ್ಪಿಂಡಲಾದರೆ ಮೊದಲು ಪಂಪು, ಆಮೇಲೆ ಸ್ಪಿಂಡಲ್. ಬೋರ್‌ವೆಲ್ಲಿನ ಗಡಸು ನೀರಿನ ಬದಲು ಬ್ಯಾಟರಿಗೆ ಹಾಕುವಂಥ ಶುದ್ಧ ನೀರನ್ನು ಬಳಸಿದರೆ ಒಳಗಿನ ಕಾಲುವೆಗೆ ಸುಣ್ಣ ಕಟ್ಟುವುದಿಲ್ಲ. ಗಾಳಿಯ ಸ್ಪಿಂಡಲಾದರೆ ಅದರ ಬೀಸಣಿಗೆ ಅದೇ ಕದಿರಿನ ಮೇಲೆ ಕುಳಿತಿರುವುದು ಸಾಮಾನ್ಯ. ತೀರ ನಿಧಾನವಾಗಿ ಬಹಳ ಹೊತ್ತು ಓಡಿಸಿದರೆ ಗಾಳಿ ಸಾಲದೆ ಕಾದುಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಎಲ್ಲ ಅಗ್ಗದ ಸ್ಪಿಂಡಲುಗಳೂ ದಾರಿಗೆ ಬರುತ್ತವೆಂದು ನಾನು ಭರವಸೆ ಕೊಡಲಾರೆ. ಕೈಯಿಂದ ತಿರುಗಿಸಿದಾಗ ಮರಳು ಸಿಕ್ಕಂತೆ ಗರಗರ ಎಂದರೆ, ಓಡುವಾಗ ಸ್ವರ ಒಂದೇ ಸಮನಿರದೆ ಏರಿಳಿದರೆ, ಬರಿದೆ ಓಡಿಸಿದರೂ ಮೂತಿ ಮುಟ್ಟಲಾಗದಷ್ಟು ಕಾದರೆ, ಅದು ಬೇರಿಂಗಿನ ಕಾಯಿಲೆ. ಹಾಳೆ, ಕೊಲೆಟ್ಟುಗಳಿಂದ ಅದು ವಾಸಿಯಾಗುವುದಿಲ್ಲ. ಈ ಬೇರಿಂಗುಗಳು ಓರೆ ಒತ್ತಡ ತಾಳುವಂತೆ ಜೋಡಿಯಾಗಿ ಹೊಂದಿಸಿ ಕೂರಿಸಬೇಕಾದವು. ಸುತ್ತಿಗೆಯಿಂದ ಬಡಿದು ಹಾಕುವಂಥವಲ್ಲ. ಸ್ಪಿಂಡಲ್ ರಿಪೇರಿ ಬಲ್ಲವರ ಕೈಗೆ ಕೊಡಿ, ಮತ್ತು ರಿಪೇರಿಯ ಬೆಲೆಯನ್ನು ಹೊಸದರ ಬೆಲೆಯೊಡನೆ ಹೋಲಿಸಿ ನೋಡಿ. ಆಗ ಹೊಸದನ್ನು ಕೊಂಡರೂ ಅದು ತಿಳಿದು ಕೊಂಡದ್ದಾಗುತ್ತದೆ. ಅದು ಕೂರುವ ಫಲಕ ಅಷ್ಟರಲ್ಲಿ ನೆಟ್ಟಗಾಗಿರುತ್ತದೆ.

ಕೊನೆಯದಾಗಿ ಒಂದು ಸಲಹೆ. ಯಂತ್ರದ ಪಕ್ಕದಲ್ಲಿ ಒಂದು ನೋಟುಪುಸ್ತಕ ತೂಗುಹಾಕಿ. ತಾರೀಖು ಬರೆದು ಐದು ಅಂಕಿ ದಾಖಲಿಸಿ: ಗೂಡಿನ ಓಲಾಟ, ಪಿನ್ನಿನ ಓಲಾಟ, ಮೇಲೆ ಮತ್ತು ಕೆಳಗೆ, ಎಡಬಲದ ವಾಲಿಕೆ, ಹಿಂದುಮುಂದಿನ ವಾಲಿಕೆ. ಅದರ ಕೆಳಗೆ, ಒಂದು ಗಟ್ಟಿ ಹಲಗೆಯಲ್ಲಿ ಆರು ಮಿಲಿಮೀಟರಿನ ಕಟ್ಟರಿನಿಂದ ಒಂದೇ ಸಲಕ್ಕೆ ತೆಗೆದ ತೋಡಿನ ಅಗಲವೆಷ್ಟು ಬಂತೆಂದು ಬರೆಯಿರಿ; ಕೈಯಿಂದ ತಿರುಗಿಸಿ ಅಳೆದಾಗ ಕಾಣದ ದೋಷ ಪೂರ್ಣ ವೇಗದಲ್ಲಿ ಇದ್ದರೆ ಈ ತೋಡು ಹೇಳುತ್ತದೆ. ತಿಂಗಳಿಗೊಮ್ಮೆ, ಮತ್ತು ಕಟ್ಟರು ಎಲ್ಲಿಗಾದರೂ ಬಲವಾಗಿ ಡಿಕ್ಕಿ ಹೊಡೆದ ದಿನ ತಪ್ಪದೆ, ಈ ಅಳತೆಗಳನ್ನು ಮತ್ತೆ ತೆಗೆಯಿರಿ. ಅಂಕಿ ಬದಲಾಗಿದ್ದರೆ ಯಾವುದು ಬದಲಾಗಿದೆ ಎಂಬುದರಿಂದಲೇ ದೋಷದ ಜಾಗ ತಿಳಿಯುತ್ತದೆ. ಮೊದಲ ಸಲಕ್ಕೆ ಒಂದು ಭಾನುವಾರ ಪೂರ್ತಿ ಹಿಡಿದೀತು. ಅಭ್ಯಾಸವಾದ ಮೇಲೆ ಅರ್ಧ ಗಂಟೆ ಸಾಕು. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಇಂಥ ಯಂತ್ರದ ಮುಂದೆ ಬೇಸರದಿಂದ ಕುಳಿತಿದ್ದರೆ, ಹೊಸ ಸ್ಪಿಂಡಲಿಗೆ ಹಣ ಕೊಡುವ ಮೊದಲು ಒಂದು ಡಯಲ್ ಗೇಜನ್ನೂ ಒಂದು ನೋಟುಪುಸ್ತಕವನ್ನೂ ತಂದುಕೊಡಿ.